ಮೂರು ವರ್ಷ ಅವಳನ್ನು ಕೋರ್ಟಿನಲ್ಲಿ ಉಳಿಸಿಕೊಳ್ಳಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲೂಕುಗಳ ವಾಲ್ಮೀಕಿ ನಾಯಕ ಸಮಾಜದ ಹಿರಿಯರಲ್ಲಿ, ತಾಯಂದಿರಲ್ಲಿ, ಅಣ್ಣತಮ್ಮಂದಿರಲ್ಲಿ ಮತ್ತು ಈ ಐದೂ ತಾಲೂಕುಗಳ ವಕೀಲ ಬಂಧುಗಳಲ್ಲಿ ಒಂದು ಬಿನ್ನಹ.

ನಮ್ಮ ಹೆಣ್ಣುಮಕ್ಕಳು ಎಲ್‌ಎಲ್‌.ಬಿ. ಓದುತ್ತಿದ್ದಾರೆ. ಬಳ್ಳಾರಿಯ ವುಂಕಿ ಸಣ್ಣರುದ್ರಪ್ಪ ಕಾನೂನು ಕಾಲೇಜು, ದಾವಣಗೆರೆಯ ಆರ್.ಎಲ್. ಕಾನೂನು ಕಾಲೇಜು, ಚಿತ್ರದುರ್ಗದ ಸರಸ್ವತಿ ಕಾನೂನು ಕಾಲೇಜು ನಮಗೆ ಬಸ್ಸಿನ ದಾರಿಯಲ್ಲಿ ಸಿಗುವಂಥವು. ಅಲ್ಲಿ ಸೀಟು ಹಿಡಿದು, ಸರ್ಕಾರಿ ಹಾಸ್ಟೆಲಿನಲ್ಲಿ ಉಂಡು, ಕನ್ನಡದಲ್ಲೇ ಪರೀಕ್ಷೆ ಬರೆದು ಪಾಸಾಗಿ ಬಂದವರು ನಿಮ್ಮ ಊರಿನಲ್ಲೂ ಒಬ್ಬಿಬ್ಬರು ಇದ್ದಾರು. ಅವರ ಮನೆಗೆ ಹೋಗಿ ಕೇಳಿ, ಈಗೇನು ಮಾಡ್ತಿದ್ದೀಯವ್ವ ಅಂತ. ಒಬ್ಬಳು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಒಬ್ಬಳು ಮದುವೆಯಾಗಿ ಬೆಂಗಳೂರು ಸೇರಿ ಫೈನಾನ್ಸ್ ಕಂಪನಿಯೊಂದರ ಲೆಕ್ಕ ಬರೆಯುತ್ತಾಳೆ. ಇನ್ನೊಬ್ಬಳು ಪಿ.ಡಿ.ಒ., ಎಫ್.ಡಿ.ಎ. ಎಂದು ಕರೆದ ಅರ್ಜಿಯನ್ನೆಲ್ಲ ಹಾಕುತ್ತ ಧಾರವಾಡದ ಬಾಡಿಗೆ ರೂಮಿನಲ್ಲಿ ಕುಳಿತಿದ್ದಾಳೆ. ಕರಿಕೋಟು ಟ್ರಂಕಿನಲ್ಲಿದೆ.

ಇಷ್ಟರವರೆಗೆ ಬರಲು ಸಮಾಜ ಪಟ್ಟ ಪಾಡು ಸಣ್ಣದಲ್ಲ. ಬೇಡ, ವಾಲ್ಮೀಕಿ ಎಂಬ ಹೆಸರುಗಳು ನಾಯಕ ಎಂಬುದರೊಟ್ಟಿಗೆ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 1991ರಲ್ಲಿ. ರಾಜ್ಯದಲ್ಲಿ ಪಂಗಡದ ಮೀಸಲಾತಿ ಶೇ. 3ರಿಂದ 7ಕ್ಕೆ ಏರಿದ್ದು 2022ರಲ್ಲಿ, ಅದೂ ರಾಜನಹಳ್ಳಿಯ ವಾಲ್ಮೀಕಿ ಗುರುಪೀಠದ ಶ್ರೀಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತ ಮೇಲೆ. ಆ ಹೋರಾಟ ನಮ್ಮ ಮಗಳನ್ನು ಕಾಲೇಜಿನ ಬಾಗಿಲು ದಾಟಿಸಿತು. ಪದವಿ ಹಿಡಿದು ಹೊರಬಂದವಳ ಕೈಯನ್ನು ಅಲ್ಲಿಗೇ ಬಿಟ್ಟುಬಿಟ್ಟೆವು.

ವಕೀಲಿಕೆಯ ಸನ್ನದು ಪಡೆಯುವುದು ಈಗ ಕಷ್ಟದ ಮಾತಲ್ಲ. ಮೊದಲು ನೋಂದಣಿಗೆಂದು ಹತ್ತಾರು ಸಾವಿರ ಕೇಳುತ್ತಿದ್ದ ವಕೀಲರ ಪರಿಷತ್ತುಗಳಿಗೆ ಸುಪ್ರೀಂ ಕೋರ್ಟು 2024ರ ಜುಲೈ 30ರಂದು ಕಡಿವಾಣ ಹಾಕಿತು. ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟ ಜಾತಿ ಪಂಗಡದವರಿಗೆ 125 ರೂಪಾಯಿ, ಅದಕ್ಕಿಂತ ಒಂದು ಪೈಸೆ ಹೆಚ್ಚು ಕೇಳುವಂತಿಲ್ಲ ಎಂದಿತು. ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಕಷ್ಟ ಶುರುವಾಗುವುದು ಇದೆಲ್ಲ ಮುಗಿದ ಮರುದಿನ.

ಆ ಮರುದಿನ ಹೇಗಿರುತ್ತದೆ ಎಂದು ಗಂಡುಮಕ್ಕಳ ತಂದೆಯರಿಗೆ ಬಹುಶಃ ಗೊತ್ತಿರಲಿಕ್ಕಿಲ್ಲ. ಹಳ್ಳಿಯಿಂದ ಬೆಳಗಿನ ಬಸ್ಸು. ಕೋಟು ಚೀಲದಲ್ಲಿ ಮಡಚಿಟ್ಟಿರುತ್ತದೆ, ಬಸ್ಸಿನಲ್ಲಿ ಹಾಕಿಕೊಂಡರೆ ಹಿಂದಿನ ಸೀಟಿನಿಂದ 'ಬಂದ್ರಪ್ಪ ಜಡ್ಜಮ್ಮ' ಎಂಬ ಮಾತು ಬರುತ್ತದೆ. ಸೀನಿಯರ್ ಆಫೀಸಿನಲ್ಲಿ ಫೈಲು ಜೋಡಿಸಬೇಕು, ಜೆರಾಕ್ಸ್ ಮಾಡಿಸಬೇಕು, ಕೋರ್ಟ್ ಹಾಲಿನಲ್ಲಿ ಹೆಸರು ಕೂಗಿದಾಗ ಎದ್ದು ನಿಂತು ವಾಯಿದೆ ಕೇಳಬೇಕು. ಹೆಂಗಸರಿಗೆ ಸರಿಯಾದ ಶೌಚಾಲಯ ಇಲ್ಲದ ಕಡೆ ಮಧ್ಯಾಹ್ನದವರೆಗೆ ನೀರು ಕುಡಿಯುವಂತಿಲ್ಲ. ಸಂಜೆ ಸೀನಿಯರ್ ಒಳ್ಳೆಯವರಾದರೆ ಬಸ್‌ಚಾರ್ಜು ಕೊಡುತ್ತಾರೆ. ಜೊತೆಗೆ ಓದಿದ ಹುಡುಗ ಆ ಹೊತ್ತಿಗೆ ಚಹಾದಂಗಡಿಯಲ್ಲಿ ಕಕ್ಷಿದಾರರ ಜೊತೆ ಕುಳಿತು ಒಂದು ಕೇಸು ಹಿಡಿದಿರುತ್ತಾನೆ. ಇವಳು ಕೊನೆಯ ಬಸ್ಸು ಹಿಡಿಯಬೇಕು. ಆರು ತಿಂಗಳಾಗುವಷ್ಟರಲ್ಲಿ ಮನೆಯಲ್ಲಿ ಮಾತು ಏಳುತ್ತದೆ: "ಯವ್ವಾ, ರೊಕ್ಕ ಬರಂಗಿಲ್ಲ, ಕಾಳು ಬರಂಗಿಲ್ಲ, ದಿನಾ ಎಲ್ಲಿಗೆ ಹೊಕ್ಕೀ?" ಎರಡನೇ ವರ್ಷಕ್ಕೆ ವರ ಬರುತ್ತಾನೆ.

ಶಿರೋನಾಮೆಯಲ್ಲಿ ಹೇಳಿದ ಮೂರು ವರ್ಷ ಅಂದರೆ ಏನು ಎಂಬುದನ್ನು ಈಗ ಸ್ವಲ್ಪ ಗಮನವಿಟ್ಟು ಓದಿ. 2025ರ ಮೇ 20ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸಿವಿಲ್ ಜಡ್ಜ್ ಪರೀಕ್ಷೆ ಬರೆಯಲು ಕನಿಷ್ಠ ಮೂರು ವರ್ಷ ವಕೀಲಿಕೆ ಮಾಡಿರಬೇಕು ಎಂದು ಹೇಳಿತು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಹಲವು ರಾಜ್ಯಗಳಲ್ಲಿ ಹಾಗಿರಲಿಲ್ಲ. ಪಕ್ಕದ ತಮಿಳುನಾಡಿನ ಜವ್ವಾದು ಬೆಟ್ಟದ ಕಡೆಯ ಮಲಯಾಳಿ ಬುಡಕಟ್ಟಿನ ವಿ. ಶ್ರೀಪತಿ 2024ರಲ್ಲಿ ಸಿವಿಲ್ ಜಡ್ಜ್ ಆಗಿ ಆಯ್ಕೆಯಾದಾಗ ಅವರ ವಯಸ್ಸು 23. ಹೆರಿಗೆಯಾದ ಕೆಲವೇ ದಿನಕ್ಕೆ ಚೆನ್ನೈಗೆ ಹೋಗಿ ಪರೀಕ್ಷೆ ಬರೆದಿದ್ದರು. ಆ ಸುದ್ದಿ ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ಓಡಾಡಿತು, ಎಲ್ಲರೂ ಕೈಮುಗಿಯುವ ಗುರುತು ಹಾಕಿದೆವು. ಆ ತಾಯಿಯ ಛಲ ದೊಡ್ಡದು, ನಿಜ. ಆದರೆ ಕಾಲೇಜಿನಿಂದ ನೇರವಾಗಿ ಜಡ್ಜ್ ಕುರ್ಚಿಗೆ ಹೋಗುವ ಆ ದಾರಿಯನ್ನು ಈ ತೀರ್ಪು ಮುಚ್ಚಿದೆ. ಉಳ್ಳವರ ಮನೆಯ ಹುಡುಗಿ ಮೂರು ವರ್ಷ ಸಂಪಾದನೆ ಇಲ್ಲದೆ ಕೋರ್ಟಿಗೆ ಹೋಗಿಬರಬಲ್ಲಳು. ಗುಳೆ ಹೋಗಿ ಬರುವ ಮನೆಯ ಹುಡುಗಿ ಏನು ಮಾಡಬೇಕು? ಹಸಿಬಾಣಂತಿ ಪರೀಕ್ಷೆಗೆ ಹೋದದ್ದನ್ನು ಹೊಗಳುವ ನಾವು ನಮ್ಮ ಹುಡುಗಿಯ ಬಸ್‌ಪಾಸಿಗೆ ದುಡ್ಡು ಹೊಂದಿಸಲಾರದೆ ಹೋದರೆ ಆ ಹೊಗಳಿಕೆ ಯಾರಿಗೆ ಬೇಕು.

ಇನ್ನೊಂದು ಉದಾಹರಣೆ ಹತ್ತಿರದ್ದು. ಮಂಜುಳಾ ಚೆಲ್ಲೂರು ಬಳ್ಳಾರಿಯ ಅಲ್ಲಂ ಸುಮಂಗಳಮ್ಮ ಕಾಲೇಜಿನಲ್ಲಿ ಓದಿದವರು, ಬಳ್ಳಾರಿಯಲ್ಲಿ ವಕೀಲಿಕೆ ಹಿಡಿದ ಮೊದಲ ಹೆಣ್ಣುಮಗಳು. 1978ರಲ್ಲಿ ಕೋರ್ಟಿಗೆ ಬಂದರು, 1988ರಲ್ಲಿ ಜಿಲ್ಲಾ ನ್ಯಾಯಾಧೀಶರಾದರು, 2000ದಲ್ಲಿ ಕರ್ನಾಟಕ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದರು. ಆಮೇಲೆ ಕೇರಳ, ಕಲ್ಕತ್ತ, ಬಾಂಬೆ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿ. ಮುಂದಿನ ಎತ್ತರ ಎಲ್ಲರಿಗೂ ಕಾಣುತ್ತದೆ. ನಾವು ನೋಡಬೇಕಾದ್ದು 1978ರಿಂದ 1988ರವರೆಗಿನ ಹತ್ತು ವರ್ಷ. ಬಳ್ಳಾರಿಯಂಥ ಊರಿನಲ್ಲಿ, ಗಂಡಸರೇ ತುಂಬಿದ ವಕೀಲರ ಸಂಘದಲ್ಲಿ, ಒಬ್ಬ ಹೆಂಗಸು ನಿಂತಿದ್ದರು. ಹಾಗೆ ನಿಲ್ಲದಿದ್ದರೆ ಉಳಿದದ್ದು ಯಾವುದೂ ಆಗುತ್ತಿರಲಿಲ್ಲ.

"ನಮ್ಮವರಲ್ಲಿ ಹೆಣ್ಣುಮಕ್ಕಳ ನಾಯಕತ್ವಕ್ಕೇನು ಕಡಿಮೆ?" ಎನ್ನುವವರಿದ್ದಾರೆ. ಜೆ. ಶಾಂತಾ 2009ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಹೋದರು, ಇ. ಅನ್ನಪೂರ್ಣ 2024ರ ಉಪಚುನಾವಣೆಯಲ್ಲಿ ಸಂಡೂರಿನಿಂದ ವಿಧಾನಸಭೆಗೆ ಹೋದರು. ಸಂತೋಷ. ಇಬ್ಬರೂ ರಾಜಕೀಯದಲ್ಲಿ ಮೊದಲೇ ಬೇರೂರಿದ ಮನೆತನಗಳಿಂದ ಬಂದವರು ಎಂಬುದೂ ಅಷ್ಟೇ ನಿಜ. ಕೂಡ್ಲಿಗಿ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿ 2008, 2013, 2018, 2023, ನಾಲ್ಕು ಚುನಾವಣೆ ಕಳೆದವು. ಒಬ್ಬ ಹೆಣ್ಣುಮಗಳೂ ಗೆದ್ದಿಲ್ಲ. ಗ್ರಾಮ ಪಂಚಾಯ್ತಿಯಲ್ಲಿ ಅರ್ಧದಷ್ಟು ಕುರ್ಚಿ ಹೆಂಗಸರಿಗಿದೆ, ಅಧ್ಯಕ್ಷೆಯ ಕುರ್ಚಿಯಲ್ಲಿ ಗಂಡ ಕೂತು ಮಾತಾಡುವುದನ್ನು ನೋಡದವರು ಯಾರು? ಕೋರ್ಟಿನಲ್ಲಿ ಆ ಆಟ ನಡೆಯುವುದಿಲ್ಲ. ಸನ್ನದು ಯಾರ ಹೆಸರಿನಲ್ಲಿದೆಯೋ ಅವರೇ ಎದ್ದು ಮಾತಾಡಬೇಕು. ಹತ್ತು ವರ್ಷ ಹಾಗೆ ಮಾತಾಡಿದವಳು ಊರ ಕಟ್ಟೆಯಲ್ಲೂ ಮಾತಾಡುತ್ತಾಳೆ, ಜಿಲ್ಲಾಧಿಕಾರಿ ಎದುರೂ ಮಾತಾಡುತ್ತಾಳೆ.

ಇಂಥ ಲಾಯರಮ್ಮ ನಮಗೇಕೆ ಬೇಕು ಎಂಬುದಕ್ಕೆ ಯಾವುದಾದರೂ ಜೀವನಾಂಶದ ಕೇಸು ನೋಡಿದರೆ ಸಾಕು. ಗಂಡ ಬಿಟ್ಟ ಹೆಂಗಸು ಅಣ್ಣನ ಜೊತೆ ವಕೀಲರ ಆಫೀಸಿಗೆ ಬರುತ್ತಾಳೆ. ವಕೀಲರು ಕೇಳುತ್ತಾರೆ, ಅಣ್ಣ ಹೇಳುತ್ತಾನೆ, ಟೈಪಿಸ್ಟ್ ಹೊಡೆಯುತ್ತಾನೆ. ಅವಳು ಬಾಗಿಲ ಬಳಿ ಸೆರಗು ಹೊದ್ದು ಕೂತಿರುತ್ತಾಳೆ. ಆ ಮನೆಯಲ್ಲಿ ರಾತ್ರಿ ಏನಾಗುತ್ತಿತ್ತು, ಮಾವ ಏನಂದ, ಬಾಣಂತನದಲ್ಲಿ ಏಕೆ ಹೊರಹಾಕಿದರು, ಇವು ಅಣ್ಣನಿಗೇ ಗೊತ್ತಿಲ್ಲ. ಗೊತ್ತಿದ್ದರೂ ಪರಗಂಡಸಿನ ಮುಂದೆ ಹೇಳುವ ಮಾತಲ್ಲ. ವರ್ಷದ ಮೇಲೆ ಪಾಟಿಸವಾಲಿನಲ್ಲಿ ಅವಳ ಬಾಯಿಂದ ಸತ್ಯ ಹೊರಬಂದರೆ ಎದುರು ವಕೀಲರು ಒಂದೇ ಪ್ರಶ್ನೆ ಕೇಳುತ್ತಾರೆ: "ಇದನ್ನು ಅರ್ಜಿಯಲ್ಲಿ ಯಾಕೆ ಬರೆಸಿಲ್ಲ?" ಅವಳ ನಿಜ ಅಲ್ಲಿಗೆ ಸುಳ್ಳಾಯಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ಬಾಗಿಲು ಹಾಕಿಕೊಂಡು, ಅಣ್ಣನನ್ನು ಹೊರಗೆ ಕೂರಿಸಿ, "ಈಗ ಹೇಳವ್ವ" ಎನ್ನುವ ಲಾಯರಮ್ಮ ಇದ್ದರೆ ಆ ಉಚಿತಕ್ಕೊಂದು ಬೆಲೆ.

ಜಮೀನಿನ ಕೇಸುಗಳಿಗೂ ಇಂಥವಳು ಬೇಕು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿ ಪರರ ಪಾಲಾಗಬಾರದೆಂದು 1978ರ ಪಿ.ಟಿ.ಸಿ.ಎಲ್. ಕಾಯ್ದೆ ಬಂತು. ತಡವಾಗಿ ಬಂದಿರಿ ಎಂದು ಅರ್ಜಿಗಳು ಬೀಳತೊಡಗಿದಾಗ 2023ರಲ್ಲಿ ತಿದ್ದುಪಡಿ ಮಾಡಿ ಕಾಲಮಿತಿಯ ಅಡ್ಡಿ ತೆಗೆದರು. ಬರಗಾಲದಲ್ಲಿ ಹೊಲ ಬರೆದುಕೊಟ್ಟ ಅಜ್ಜಂದಿರ ಮೊಮ್ಮಕ್ಕಳು ಈಗ ಉಪವಿಭಾಗಾಧಿಕಾರಿ ಕೋರ್ಟಿನಿಂದ ಧಾರವಾಡದ ಹೈಕೋರ್ಟ್ ಪೀಠದವರೆಗೆ ಅಲೆಯುತ್ತಿದ್ದಾರೆ.

ಹೆಣ್ಣುಮಕ್ಕಳನ್ನು ದೇವರಿಗೆ ಬಿಡುತ್ತಿದ್ದ ಉಚ್ಚಂಗಿದುರ್ಗದ ಕಡೆಗೂ ನೋಡಿ. ದೇವದಾಸಿ ಬಿಡುವುದನ್ನು ನಿಷೇಧಿಸಿದ್ದು 1982ರ ಕಾಯ್ದೆ. ರಾಜ್ಯದ ಎರಡು ಸಮೀಕ್ಷೆಗಳು ಸೇರಿ 46,660 ತಾಯಂದಿರನ್ನು ಗುರುತಿಸಿದವು, ನಮ್ಮ ಭಾಗದ ತಾಯಂದಿರೂ ಅದರಲ್ಲಿದ್ದಾರೆ. 2025ರಲ್ಲಿ ವಿಧಾನಸಭೆ ಒಪ್ಪಿದ ಹೊಸ ಮಸೂದೆ ಆ ತಾಯಂದಿರ ಮಕ್ಕಳು ತಂದೆಯ ಗುರುತು ಮತ್ತು ಹಕ್ಕು ಕೇಳಲು ದಾರಿ ಮಾಡಿತು. ಊರಿನ ಉಳ್ಳವನ ಮೇಲೆ "ಇವನೇ ನನ್ನಪ್ಪ" ಎಂದು ಅರ್ಜಿ ಹಾಕುವ ಹುಡುಗನ ಪರ ವಕಾಲತ್ತಿಗೆ ಯಾರು ಸಹಿ ಹಾಕುತ್ತಾರೆ? ಆ ಉಳ್ಳವನ ಕೇಸುಗಳನ್ನೇ ನಡೆಸುತ್ತ ಬಂದ ಆಫೀಸುಗಳು ಹಾಕುವುದು ಕಷ್ಟ.

ಇನ್ನು ಕೇಳಬೇಕಾದ್ದನ್ನು ನೇರವಾಗಿ ಕೇಳುತ್ತೇವೆ.

ಹಿರಿಯ ವಕೀಲರೇ, 2024ರ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ಕಿರಿಯರಿಗೆ ತಿಂಗಳಿಗೆ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿಯನ್ನು ಕನಿಷ್ಠ ಮೂರು ವರ್ಷ ಕೊಡಿ ಎಂದು ಶಿಫಾರಸು ಮಾಡಿದೆ. ತಾಲೂಕು ಕೋರ್ಟಿನ ಆದಾಯ ನಮಗೂ ಗೊತ್ತು, ಪೂರ್ತಿ ಕೊಡಿ ಎಂದು ಹಟ ಹಿಡಿಯುವುದಿಲ್ಲ. ಬಸ್‌ಚಾರ್ಜಿಗೆ ಮಾತ್ರ ಮುಗಿಸಬೇಡಿ. ಫೈಲು ಹೊರಿಸುವ ಬದಲು ತಿಂಗಳಿಗೊಂದು ಸಾಕ್ಷಿಯ ಮುಖ್ಯವಿಚಾರಣೆಯನ್ನು ಅವಳ ಕೈಯಲ್ಲಿ ಮಾಡಿಸಿ.

ವಕೀಲರ ಸಂಘಗಳೇ, ಜಿಲ್ಲಾ ಸಂಘಗಳ ಆಡಳಿತ ಮಂಡಳಿಯಲ್ಲಿ ಖಜಾಂಚಿ ಹುದ್ದೆಯೂ ಸೇರಿ ಶೇ. 30 ಸ್ಥಾನ ಹೆಂಗಸರಿಗಿರಲಿ ಎಂದು ಸುಪ್ರೀಂ ಕೋರ್ಟು 2025ರ ಮಾರ್ಚಿನಲ್ಲಿ ಕರ್ನಾಟಕಕ್ಕೇ ಹೇಳಿದೆ. ತಾಲೂಕು ಸಂಘಗಳು ಇನ್ನೊಂದು ಆದೇಶಕ್ಕೆ ಕಾಯುವುದೇಕೆ? ಖಜಾಂಚಿ ಹೆಂಗಸಾದರೆ ಶೌಚಾಲಯದ ಬೀಗದ ಕೈ ಎಲ್ಲಿದೆ ಎಂದು ಯಾರೂ ಹುಡುಕಬೇಕಾಗುವುದಿಲ್ಲ.

ಪರಿಶಿಷ್ಟರ ಕಲ್ಯಾಣ ಇಲಾಖೆಯವರೇ, ಪರಿಶಿಷ್ಟ ಕಾನೂನು ಪದವೀಧರರಿಗೆ ಹಿರಿಯ ವಕೀಲರ ಬಳಿ ತರಬೇತಿ ಪಡೆಯುವಾಗ ಶಿಷ್ಯವೇತನ ಕೊಡುವ ಯೋಜನೆ ನಿಮ್ಮಲ್ಲಿದೆ. ಅರ್ಜಿ ಕರೆದದ್ದು ಹಳ್ಳಿಗೆ ತಿಳಿಯುವಷ್ಟರಲ್ಲಿ ಕೊನೆಯ ದಿನ ಮುಗಿದಿರುತ್ತದೆ. ಪ್ರಕಟಣೆಯನ್ನು ನಮ್ಮ ಕೋರ್ಟುಗಳ ಆವರಣದಲ್ಲಿ, ಹಾಸ್ಟೆಲುಗಳಲ್ಲಿ ಅಂಟಿಸಿ.

ಸಮಾಜದ ಹಿರಿಯರೇ, ನಿಮ್ಮಲ್ಲಿ ಸ್ವಲ್ಪ ಸಲುಗೆಯಿಂದ ಮಾತಾಡುತ್ತೇವೆ. ಪ್ರತಿವರ್ಷ ವಾಲ್ಮೀಕಿ ಜಯಂತಿಗೆ ಪ್ರತಿಭಾ ಪುರಸ್ಕಾರ ಮಾಡುತ್ತೇವೆ. ಗೆದ್ದು ಬಂದವರಿಗೆ ಶಾಲು, ಹಾರ, ಫಲಕ. ಗೆಲ್ಲುವ ಮುಂಚೆ ಅವರು ಹೇಗಿದ್ದರು ಎಂದು ಯಾರೂ ವಿಚಾರಿಸಿರುವುದಿಲ್ಲ. ತಾಲೂಕಿಗೆ ಇಬ್ಬರಂತೆ ಐದು ತಾಲೂಕಿಗೆ ಹತ್ತು ಹುಡುಗಿಯರು, ತಿಂಗಳಿಗೆ ತಲಾ 5,000 ರೂಪಾಯಿ. ವರ್ಷಕ್ಕೆ 6 ಲಕ್ಷ, ಮೂರು ವರ್ಷಕ್ಕೆ 18 ಲಕ್ಷ. ಐದು ಊರುಗಳ ಮೆರವಣಿಗೆಯ ಡಿ.ಜೆ., ಫ್ಲೆಕ್ಸು, ಪೆಂಡಾಲಿನ ಲೆಕ್ಕ ನಿಮ್ಮ ಬಳಿಯೇ ಇದೆ, ಪಕ್ಕದಲ್ಲಿಟ್ಟು ನೋಡಿ. ಕಚೇರಿ ಕೆಲಸಕ್ಕೆ ಹೋದಾಗ ನಿಮ್ಮ ತಾಲೂಕಿನ ಕೋರ್ಟಿಗೂ ಒಮ್ಮೆ ಹೋಗಿ, ನಮ್ಮ ಹುಡುಗಿ ಇದ್ದರೆ ಅವಳ ಸೀನಿಯರನ್ನು ಮಾತಾಡಿಸಿ ಬನ್ನಿ. ಹಿಂದೆ ಜನ ಇದ್ದಾರೆ ಎಂದು ಗೊತ್ತಾದರೆ ಎಷ್ಟೋ ಮಾತುಗಳು ತಾವಾಗಿ ನಿಲ್ಲುತ್ತವೆ.

ಮಾದಿಗರ, ಛಲವಾದಿಯರ, ಲಂಬಾಣಿಗರ ಮನೆಯ ಹುಡುಗಿಯರ ಪಾಡೂ ಇದೇ ಅಲ್ಲವೇ ಎಂದು ಕೇಳುವವರಿಗೆ: ಹೌದು, ಇದೇ. ಅವರ ಸಮಾಜಗಳೂ ಇಂಥದೊಂದು ನಿಧಿ ಮಾಡಿದರೆ ಲೆಕ್ಕಪತ್ರ, ಸೀನಿಯರ್ ವಕೀಲರ ಪಟ್ಟಿ ಹಂಚಿಕೊಳ್ಳೋಣ. ನಮ್ಮ ಮನೆಯ ಕೆಲಸವನ್ನು ನಾವು ಮೊದಲು ಶುರುಮಾಡುತ್ತೇವೆ, ಅಷ್ಟೇ.

ತಂದೆತಾಯಂದಿರೇ, ಮದುವೆ ಬೇಡ ಎನ್ನುತ್ತಿಲ್ಲ. ನಿಶ್ಚಯದ ದಿನ ಕೊಡುವುದು ಬಿಡುವುದು ಮಾತಾಡುವಾಗ, "ಮಗಳು ಕೋರ್ಟಿಗೆ ಹೋಗುತ್ತಾಳೆ, ನಿಲ್ಲಿಸಬಾರದು" ಎಂಬ ಮಾತನ್ನೂ ಹಿರಿಯರೆದುರು ಆಡಿಸಿ.

ಈ ಸಲದ ಜಯಂತಿಯ ಪೂರ್ವಭಾವಿ ಸಭೆಗೆ ಪ್ರತಿ ಹಳ್ಳಿಯಿಂದ ಕಾನೂನು ಓದಿದ, ಓದುತ್ತಿರುವ ಹುಡುಗಿಯರ ಹೆಸರು, ಸನ್ನದು ಆಗಿದೆಯೋ ಇಲ್ಲವೋ, ಈಗ ಏನು ಮಾಡುತ್ತಿದ್ದಾರೆ ಎಂಬುದನ್ನು ಬರೆದು ತನ್ನಿ. ಬರುವಾಗ ಆ ಹುಡುಗಿಯರನ್ನೂ ಕರೆದುಕೊಂಡು ಬನ್ನಿ. ಲೆಕ್ಕ ಬರೆಯಲು, ನಿಧಿಯ ನಿಯಮ ಹಾಕಲು ಅವರೇ ಕೂರಲಿ.