ನಮ್ಮ ಊರು, ನಮ್ಮ ವಿಳಾಸ

‘ನಿಮ್ಮ ಊರು ಯಾವುದು?’ ಎಂಬ ಪ್ರಶ್ನೆಗೆ ನಮ್ಮ ಶಾಲೆಯ ಹುಡುಗರು ಕೊಡುವ ಉತ್ತರ ಎರಡು ಬಗೆಯದು. ಕೇಳಿದವರು ಮುಂಬಯಿಯವರಾದರೆ ಕುಂದಾಪುರ, ಕಾರ್ಕಳ, ವಿಜಯಪುರ, ಕಲಬುರಗಿ ಎಂದು ತಂದೆತಾಯಿಗಳ ಊರನ್ನು ಹೆಸರಿಸುತ್ತಾರೆ. ರಜೆಯಲ್ಲಿ ಆ ಊರಿಗೇ ಹೋದಾಗ ಅಲ್ಲಿಯವರು ಕೇಳಿದರೆ ‘ಮುಂಬಯಿ’ ಎನ್ನುತ್ತಾರೆ. ತಾವು ಹುಟ್ಟಿ ಬೆಳೆದ ಡೊಂಬಿವಲಿಯಾಗಲಿ, ಠಾಕುರ್ಲಿಯಾಗಲಿ, ಕಲ್ಯಾಣವಾಗಲಿ ಈ ಎರಡು ಉತ್ತರಗಳಲ್ಲಿಯೂ ಬರುವುದಿಲ್ಲ. ಇದು ಬರಿಯ ಮಾತಿನ ಅನುಕೂಲವೆಂದು ಬಹುಕಾಲ ನಾನೂ ತಿಳಿದಿದ್ದೆ. ಈಗ ಹಾಗೆ ತಿಳಿಯಲಾರೆ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬ ಎಂಟು ದಿನ ಶಾಲೆಗೆ ಬರಲಿಲ್ಲ. ವಿಚಾರಿಸಿಕೊಂಡು ಬರೋಣವೆಂದು ಹಾಜರಿ ಪುಸ್ತಕದಲ್ಲಿದ್ದ ವಿಳಾಸವನ್ನು ಹಿಡಿದು ಹೊರಟೆ. ಅದೊಂದು ಹೊಸ ಕಟ್ಟಡ. ಬಾಗಿಲಲ್ಲಿದ್ದ ಕಾವಲುಗಾರ ಆ ಹೆಸರಿನ ಮನೆಯವರು ಇಲ್ಲಿಲ್ಲವೆಂದ. ಅವರಿವರನ್ನು ಕೇಳಿ, ಅಲ್ಲಿಂದ ಅರ್ಧ ಮೈಲು ನಡೆದು, ಕಾಲುವೆಯ ಬದಿಯ ಹಳೆಯ ಚಾಳೊಂದರಲ್ಲಿ ಅವನನ್ನು ಕಂಡೆ. ಜ್ವರ ಇಳಿದಿತ್ತು. ತಾಯಿ ಸಂಕೋಚಪಡುತ್ತಲೇ ಚಹ ಮಾಡಿ ಕೊಟ್ಟರು. ಅಕ್ಕಪಕ್ಕದ ಖೋಲಿಗಳ ಹೆಂಗಸರು ‘ಮಾಸ್ತರರು ಬಂದಿದ್ದಾರೆ’ ಎಂದು ಬಂದು ನಿಂತರು. ಆ ಎಂಟು ದಿನ ಸರದಿಯಂತೆ ಗಂಜಿ ಕಾಯಿಸಿ ಕೊಟ್ಟವರು ಅವರೇ. ಹುಡುಗ ಮಾತ್ರ ನನ್ನ ಮುಖವನ್ನು ನೋಡಲಿಲ್ಲ. ಪುಸ್ತಕದಲ್ಲಿ ಅವನು ಬರೆಸಿದ್ದುದು ತನ್ನ ಗೆಳೆಯನ ಮನೆಯ ವಿಳಾಸವನ್ನು.

ಅವನಿಗೆ ಈ ನಾಚಿಕೆಯನ್ನು ಕಲಿಸಿದವರು ಯಾರು? ಹಿಂದಿರುಗುವ ದಾರಿಯಲ್ಲಿ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ‘ಒಳ್ಳೆಯ ಏರಿಯಾದಲ್ಲಿ ಮನೆ ಮಾಡಿದ್ದಾರೆ’, ‘ಅವರು ಅಂಥ ಕಡೆ ಇರುವವರು’ ಎಂಬ ಮಾತುಗಳನ್ನು ಮಕ್ಕಳ ಎದುರಿಗೆ ಆಡಿದ ಹಿರಿಯರಲ್ಲಿ ನಾನೂ ಒಬ್ಬನೆಂಬುದನ್ನು ಒಪ್ಪಿಕೊಳ್ಳಲೇಬೇಕು.

ವಿದ್ಯಾರ್ಥಿಮಿತ್ರರೇ, ನಾವಿರುವ ಈ ಕಲ್ಯಾಣ–ಡೊಂಬಿವಲಿ ಮಹಾನಗರಪಾಲಿಕೆ ಸ್ಥಾಪನೆಯಾದುದು 1983ರಲ್ಲಿ. 2011ರ ಜನಗಣತಿಯಂತೆ ಇಲ್ಲಿ 12 ಲಕ್ಷಕ್ಕೂ ಮೇಲ್ಪಟ್ಟು ಜನರಿದ್ದರು. ಆದರೂ ನಮ್ಮ ಬಾಯಲ್ಲಿ ಇದು ‘ಉಪನಗರ’, ಅಂದರೆ ಇನ್ನೊಂದು ನಗರದ ಬಾಲ. ಬೆಳಗಿನ ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಸುಮಾರು 50 ಕಿಲೋಮೀಟರ್ ದೂರದ ಕೋಟೆ ಪ್ರದೇಶದ ಕಚೇರಿಗೆ ಹೋಗಿ ರಾತ್ರಿ ಮರಳುವ ನಮ್ಮ ಹಿರಿಯರಿಗೆ ಅಲ್ಲಿಯ ಗಲ್ಲಿಗಲ್ಲಿಯೂ ಗೊತ್ತು. ರೈಲುಹಳಿಯ ಆಚೆಗಿರುವ ತಮ್ಮದೇ ಊರಿನ ಅರ್ಧಭಾಗ ಗೊತ್ತಿಲ್ಲ. ಅವರನ್ನು ದೂರಲಾರೆ, ದಣಿದು ಬಂದವರಿಗೆ ಊರು ನೋಡುವ ಹೊತ್ತೆಲ್ಲಿ? ಆದರೆ ನಿಮಗೆ ಆ ನೆಪವಿಲ್ಲ.

ಕಲ್ಯಾಣವೆಂದೊಡನೆ ಕನ್ನಡಿಗನ ಮನಸ್ಸು ಬೀದರ ಸೀಮೆಯ ಬಸವಣ್ಣನವರ ಕಲ್ಯಾಣಕ್ಕೆ ಹಾರುವುದು ಸಹಜ. ಈ ಕಲ್ಯಾಣ ಬೇರೆ. ಆದರೆ ಹಳಮೆಯಲ್ಲಿ ಅದಕ್ಕಿಂತ ಕಿರಿದಲ್ಲ. ಕಾನ್ಹೇರಿಯ ಗುಹೆಗಳಿಗೆ ದಾನ ಕೊಟ್ಟವರ ಶಾಸನಗಳಲ್ಲಿ ಈ ಊರಿನವರ ಉಲ್ಲೇಖವಿದೆ. ಗ್ರೀಕ್ ನಾವಿಕನೊಬ್ಬ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಬರೆದ ಸಮುದ್ರಯಾನದ ಕೈಪಿಡಿಯಲ್ಲಿ ಈ ಬಂದರಿನ ಹೆಸರಿದೆ. ಖಾಡಿಯ ದಡದಲ್ಲಿ ದುರ್ಗಾಡಿ ಕೋಟೆಯಿದೆ. ಅದರ ಸಮೀಪದ ಹಳೆಯ ಪೇಟೆಯಲ್ಲಿ, ಪಾರನಾಕಾದ ಸುತ್ತಮುತ್ತ, ಮರದ ಕಂಬಗಳ ವಾಡೆಗಳು ಅಲ್ಲೊಂದು ಇಲ್ಲೊಂದು ಉಳಿದಿವೆ; ದೂಧನಾಕಾದ ಕಡೆಗೆ ಹೊರಳಿದರೆ ಮಸೀದಿಗಳೂ ಮುಸಲ್ಮಾನ ಮನೆತನಗಳ ಹಳೆಯ ಮನೆಗಳೂ. 1886ರಲ್ಲಿ ಅಮೆರಿಕೆಯಲ್ಲಿ ವೈದ್ಯಕೀಯ ಪದವಿಯನ್ನು ಪಡೆದ ಆನಂದೀಬಾಯಿ ಜೋಶಿಯವರ ಮನೆತನ ಕಲ್ಯಾಣದ್ದೇ.

1854ರಲ್ಲಿ ರೈಲು ಕಲ್ಯಾಣದವರೆಗೆ ಬಂತು. ಇಲ್ಲಿಂದ ಹಳಿ ಕವಲೊಡೆದು ಒಂದು ಕಸಾರಾ ಘಾಟಿನತ್ತ, ಇನ್ನೊಂದು ಕರ್ಜತ್ ಮಾರ್ಗವಾಗಿ ಪುಣೆಯತ್ತ ಹೋಯಿತು. ಈ ಕವಲೇ ಹೊಸ ಕೇರಿಗಳನ್ನು ಹುಟ್ಟಿಸಿತು. ಪೂರ್ವಕ್ಕೆ ರೈಲ್ವೆಯವರ ಕ್ವಾರ್ಟರ್ಸು, ಎಂಜಿನ್ ಶೆಡ್ಡು, ಹೆಸರಿನಲ್ಲೇ ಇದ್ದಲನ್ನು ಇಟ್ಟುಕೊಂಡ ಕೋಳಸೇವಾಡಿ. ಅಲ್ಲಿ ಒಂದು ಸಂಜೆ ನಡೆದರೆ ತೆಲುಗು, ತಮಿಳು, ಭೋಜಪುರಿ, ಮರಾಠಿ ಎಲ್ಲವೂ ಕಿವಿಗೆ ಬೀಳುತ್ತವೆ. ಠಾಕುರ್ಲಿಯಲ್ಲಿ ವಿದ್ಯುತ್ ಗಾಡಿಗಳಿಗೆ ಶಕ್ತಿಯನ್ನು ಒದಗಿಸುತ್ತಿದ್ದ ರೈಲ್ವೆಯ ವಿದ್ಯುದಾಗಾರವಿತ್ತು. ಅದು ನಿಂತುಹೋಗಿ ಬಹಳ ಕಾಲವಾಯಿತು. ಮೋಹನೆಯ ರೇಯಾನ್ ಕಾರ್ಖಾನೆಯ ಗತಿಯೂ ಅದೇ. 2009ರಲ್ಲಿ ಅದರ ಬಾಗಿಲು ಮುಚ್ಚಿತು, ಕಾರ್ಮಿಕರ ವಸತಿ ಮಾತ್ರ ಹಿಂದೆ ಉಳಿಯಿತು.

ಡೊಂಬಿವಲಿಯ ಮಾತು ಬೇರೆ. ಮಧ್ಯಮವರ್ಗದ ಮರಾಠಿ ಕುಟುಂಬಗಳು ಬೆಳೆಸಿದ ಊರದು. ಗುಡಿ ಪಾಡವಾದ ಮೆರವಣಿಗೆಯನ್ನೂ ದೀಪಾವಳಿಯ ಬೆಳಗಿನಲ್ಲಿ ಫಡಕೆ ರಸ್ತೆಯಲ್ಲಿ ನೆರೆಯುವ ತರುಣರನ್ನೂ ನೀವು ನೋಡಿಯೇ ಇದ್ದೀರಿ. ಆದರೆ ಅದೇ ಡೊಂಬಿವಲಿಯ ಔದ್ಯೋಗಿಕ ವಸಾಹತಿನ ಅಂಚಿನಲ್ಲಿ ಮನೆಗಳ ಕಿಟಕಿಯಿಂದಲೇ ರಾಸಾಯನಿಕ ಕಾರ್ಖಾನೆಗಳು ಕಾಣುತ್ತವೆ. 2016ರ ಮೇ ತಿಂಗಳಿನಲ್ಲಿಯೂ ಮತ್ತೆ 2024ರ ಮೇ ತಿಂಗಳಿನಲ್ಲಿಯೂ ಅಲ್ಲಿ ಸ್ಫೋಟಗಳಾಗಿ ಜೀವಹಾನಿಯಾಯಿತು. ಇದನ್ನು ಆ ಕಡೆಯವರ ಕಷ್ಟವೆಂದು ಉಳಿದ ಕೇರಿಗಳು ಎರಡೇ ವಾರಗಳಲ್ಲಿ ಮರೆತವು. ಒಂದೇ ನಗರಸಭೆಗೆ ತೆರಿಗೆ ಕೊಡುವವರು ಹೀಗೆ ಮರೆಯಬಹುದೇ?

ಇನ್ನು ಹಳ್ಳಿಗಳು. ನಮ್ಮ ಕಟ್ಟಡಗಳಿಗಿಂತ ಮೊದಲು ಇಲ್ಲಿದ್ದವರು ಭತ್ತ ಬೆಳೆಯುತ್ತಿದ್ದ, ಖಾಡಿಯಲ್ಲಿ ಮೀನು ಹಿಡಿಯುತ್ತಿದ್ದ ಆಗರಿ, ಕೋಳಿ ಜನರು. ಅವರ ಗಾವದೇವಿಯ ಗುಡಿ ಇಂದು ಎಷ್ಟೋ ಕಡೆ ಎರಡು ಕಟ್ಟಡಗಳ ನಡುವೆ ಇಕ್ಕಟ್ಟಾಗಿ ನಿಂತಿದೆ. ಪಾಲಿಕೆಗೆ ಸೇರಿದ್ದ 27 ಹಳ್ಳಿಗಳನ್ನು 2002ರಲ್ಲಿ ಹೊರಗೆ ಹಾಕಿದರು, 2015ರಲ್ಲಿ ಮತ್ತೆ ಸೇರಿಸಿದರು. ಹೊಲದ ಬೇಲಿಯನ್ನು ಸರಿಸುವಂತೆ ಊರಿನ ಎಲ್ಲೆಯನ್ನು ಸರಿಸಿದರೆ ಅಲ್ಲಿಯವರಿಗೆ ತಾವು ಯಾವ ಊರಿನವರೆಂದು ಹೇಗೆ ತಿಳಿಯಬೇಕು! ಈಗ ಶಿಳ್ ರಸ್ತೆಯ ಬದಿಯಲ್ಲಿ ಎತ್ತರದ ಗೋಡೆಯೊಳಗೆ ಬಹುಮಹಡಿಯ ವಸತಿಗಳು ಎದ್ದಿವೆ. ಒಳಗೆ ಉದ್ಯಾನ, ಈಜುಕೊಳ, ಅಂಗಡಿ ಎಲ್ಲವೂ ಇರುವುದರಿಂದ ಅಲ್ಲಿಯ ಮಗುವಿಗೆ ಗೋಡೆಯಾಚೆಯ ಹಳ್ಳಿಗೆ ಹೋಗುವ ಪ್ರಸಂಗವೇ ಬಾರದು.

ಚಾಳಿನ ಬಾಳನ್ನು ಹೊಗಳಿ ಹಾಡುವವರ ಪೈಕಿ ನಾನಲ್ಲ. ಹತ್ತಾರು ಸಂಸಾರಗಳಿಗೆ ಒಂದೇ ನಲ್ಲಿ, ಒಂದೇ ಶೌಚಾಲಯ ಇರುವುದರಲ್ಲಿ ಯಾವ ಸೊಗಸೂ ಇಲ್ಲ. ಅದನ್ನು ಬಿಟ್ಟು ಒಳ್ಳೆಯ ಮನೆಗೆ ಹೋಗಬೇಕೆಂಬ ಆಸೆ ನ್ಯಾಯವಾದ ಆಸೆಯೇ. ನಾನು ಆಕ್ಷೇಪಿಸುವುದು ಮನೆಯ ಬೆಲೆಯಿಂದ ಮನೆಯವರ ಬೆಲೆಯನ್ನು ಕಟ್ಟುವುದನ್ನು. ನೀರು ಬಾರದ ಕೇರಿಯ ಪರವಾಗಿ, ನೀರು ಬರುವ ಕೇರಿಯವರು ಬಾಯಿ ತೆರೆಯದಿರುವುದಕ್ಕೂ ಇದೇ ಕಾರಣವೆಂದು ನನಗೆ ತೋರುತ್ತದೆ: ಪರಿಚಯವಿಲ್ಲದವರ ಕಷ್ಟ ನಮಗೆ ಬರಿಯ ಸುದ್ದಿ. ಕಲ್ಯಾಣದ ಹಳೆಯ ಪತ್ರಿ ಪೂಲನ್ನು 2018ರಲ್ಲಿ ಕೆಡಹಿ, 2021ರಲ್ಲಿ ಹೊಸ ಸೇತುವೆ ತೆರೆಯುವವರೆಗೆ ವಾಹನಗಳ ಸಾಲಿನಲ್ಲಿ ತಾಸುಗಟ್ಟಲೆ ಕುಳಿತಾಗ ಮಾತ್ರ ಈ ಊರುಗಳಿಗೆ ಪರಸ್ಪರರ ನೆನಪಾಯಿತು.

ಪ್ರತಿ ವರ್ಷ ಶಾಲೆಯ ಪ್ರವಾಸವೆಂದರೆ ದೂರದ ಗಿರಿಧಾಮ, ಇಲ್ಲವೇ ಜಲಕ್ರೀಡೆಯ ಉದ್ಯಾನ. ಹಣ ಹೊಂದಿಸಲಾರದ ನಾಲ್ಕೈದು ಮಂದಿ ‘ಅಂದು ಮನೆಯಲ್ಲಿ ಕೆಲಸವಿದೆ’ ಎಂದು ಹಿಂದೆ ಉಳಿಯುವುದೂ ಪ್ರತಿ ವರ್ಷದ ಸಂಗತಿ. ಒಂದು ವರ್ಷವಾದರೂ ನಮ್ಮ ಪ್ರವಾಸ ನಮ್ಮ ಊರಿಗೇ ಆಗಲಿ ಎಂದು ಮುಖ್ಯೋಪಾಧ್ಯಾಯರಲ್ಲಿ ಈ ಮೂಲಕ ಬಿನ್ನವಿಸುತ್ತೇನೆ. ಬೆಳಿಗ್ಗೆ ಡೊಂಬಿವಲಿಯ ಪಶ್ಚಿಮಕ್ಕೆ ನಡೆದು ಮೋಠಾಗಾವದ ಖಾಡಿಯನ್ನು ನೋಡುವುದು. ಅಲ್ಲಿಂದ ಗಾಡಿ ಹಿಡಿದು ಕಲ್ಯಾಣಕ್ಕೆ. ದುರ್ಗಾಡಿ, ಹಳೆಯ ಪೇಟೆ, ಮಧ್ಯಾಹ್ನದ ಮೇಲೆ ಸೇತುವೆ ದಾಟಿ ಕೋಳಸೇವಾಡಿ. ಹಾದಿಯಲ್ಲಿ ಯಾರ ಮನೆ ಬಂದರೂ ಅವರೇ ಆ ಕೇರಿಗೆ ನಮ್ಮ ಮಾರ್ಗದರ್ಶಕರು. ಮೇಲೆ ಹೇಳಿದ ಹುಡುಗ ಈಗ ಕಾಲೇಜಿನಲ್ಲಿದ್ದಾನೆ. ಕಳೆದ ತಿಂಗಳು ಈ ಯೋಚನೆಯನ್ನು ಅವನಿಗೆ ತಿಳಿಸಿದೆ. ಮಧ್ಯಾಹ್ನದ ಬುತ್ತಿ ಬಿಚ್ಚಲು ತಮ್ಮ ಚಾಳಿನ ಅಂಗಳವಿದೆ, ಅರವತ್ತು ಜನರಿಗೆ ಸಾಲುತ್ತದೆ, ಕುಡಿಯುವ ನೀರನ್ನು ಮಾತ್ರ ಬೆಳಿಗ್ಗೆಯೇ ತುಂಬಿಸಿ ಇಡಬೇಕಾಗುತ್ತದೆ ಎಂದ.