ಡಾಕ್ಟರಿಗೆ ಬಿಡಬೇಕಾದ್ದು, ಕೇಳಲೇಬೇಕಾದ್ದು

2024ರ ಏಪ್ರಿಲ್‌ನಲ್ಲಿ ಪುದುಚೇರಿಯ 26 ವರ್ಷದ ಯುವಕನೊಬ್ಬ ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆಂದು ಚೆನ್ನೈನ ಪಲ್ಲಾವರಂ ಪಕ್ಕದ ಪಮ್ಮಲ್‌ನ ಖಾಸಗಿ ಆಸ್ಪತ್ರೆಗೆ ಸೇರಿದ. ಆಪರೇಷನ್ ವೇಳೆ ಸ್ಥಿತಿ ಬಿಗಡಾಯಿಸಿತು. ಬೇರೆ ಆಸ್ಪತ್ರೆಗೆ ಸಾಗಿಸಿದರೂ ಉಳಿಯಲಿಲ್ಲ. ತಮಿಳುನಾಡು ಆರೋಗ್ಯ ಇಲಾಖೆ ತನಿಖೆಗೆ ಮುಂದಾಯಿತು.

ಇಂಥ ಸುದ್ದಿ ಓದಿದವರು ಸರ್ಜನ್ನರನ್ನೇ ನಂಬಬಾರದು ಎಂದುಕೊಳ್ಳಬೇಕಿಲ್ಲ. ಸ್ಲೀವ್ ಆಪರೇಷನ್ನಿನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ತೆಗೆಯುತ್ತಾರೆ. ಎಲ್ಲಿ ಕತ್ತರಿಸಬೇಕು, ಯಾವ ಸ್ಟೇಪ್ಲರ್ ಬಳಸಬೇಕು ಎಂಬುದು ಅವರ ಕೈಯ ಅನುಭವಕ್ಕೆ ಬಿಟ್ಟದ್ದು. ರೋಗಿ ಗೂಗಲ್ ನೋಡಿ ಅದರಲ್ಲಿ ವಾದಿಸಿ ಫಲವಿಲ್ಲ.

ಆದರೆ ಐಸಿಯು ಇದೆಯೇ? ಅರಿವಳಿಕೆ ಕೊಡುವವರು ಯಾರು? ಹೊಲಿಗೆ ಸೋರಿದರೆ ನಡುರಾತ್ರಿ ಬರುವವರು ಯಾರು? ಕತ್ತರಿಸಿದ ಜಠರ ಮರಳಿ ಬಾರದು, ವಿಟಮಿನ್ ಮಾತ್ರೆ ಜೀವನಪೂರ್ತಿ ಬೇಕು ಎಂದು ಮೊದಲೇ ಹೇಳಿದ್ದಾರೆಯೇ? ಇವನ್ನು ಕೇಳಲು ವೈದ್ಯಶಾಸ್ತ್ರ ಓದಿರಬೇಕಿಲ್ಲ.

ಚಿಕಿತ್ಸೆಯ ಸ್ವರೂಪ, ಪರ್ಯಾಯ, ಅಪಾಯಗಳನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಹಾಗಿದ್ದೂ ಎಷ್ಟೋ ಮಂದಿ ಓದಲಾಗದ ಇಂಗ್ಲಿಷ್ ಹಾಳೆಗೆ "ನೀವು ಹೇಳಿದ ಹಾಗೆ ಸಾರ್" ಎಂದು ಸಹಿ ಹಾಕುತ್ತಾರೆ. ಅದನ್ನು ತಮ್ಮ ಭಾಷೆಯಲ್ಲಿ ಓದಿಸಿಕೊಂಡು ಸಹಿ ಹಾಕಿದರೆ ಒಳ್ಳೆಯ ಡಾಕ್ಟರು ಬೇಸರಪಡುವುದಿಲ್ಲ. ಬೇಸರಪಡುವವರಿದ್ದರೆ ಅದೂ ಮೊದಲೇ ತಿಳಿಯುವುದು ಒಳ್ಳೆಯದು.