ಕತ್ತಲ ಕೋಣೆಗೆ ಟಿಕೆಟ್ ಕೊಳ್ಳುವ ಮುನ್ನ

ಸ್ಯಾನ್ ಫ್ರಾನ್ಸಿಸ್ಕೊದ ಎಕ್ಸ್‌ಪ್ಲೋರಟೋರಿಯಂ ಎಂಬ ವಿಜ್ಞಾನ ಸಂಗ್ರಹಾಲಯದಲ್ಲಿ ನೋಡುವುದಕ್ಕೆ ಏನೇನೂ ಇಲ್ಲದ ಗುಮ್ಮಟವೊಂದಿದೆ. ಹೆಸರು ಟ್ಯಾಕ್ಟೈಲ್ ಡೋಮ್, ಶುರುವಾದದ್ದು 1971ರಲ್ಲಿ. ಒಳಗೆ ಗವ್ವೆನ್ನುವ ಕತ್ತಲು. ಚಪ್ಪಲಿ, ಗಡಿಯಾರ, ಜೇಬಿನ ಕೀಲಿಕೈ, ಮೊಬೈಲು ಎಲ್ಲವನ್ನೂ ಹೊರಗಿಟ್ಟು ಅಪ್ಪ, ಅಮ್ಮ, ಮಕ್ಕಳು ಒಬ್ಬರ ಹಿಂದೊಬ್ಬರು ನುಸುಳಬೇಕು. ಅಂಗೈಗೆ ಒಮ್ಮೆ ನುಣುಪು ಸಿಗುತ್ತದೆ, ಒಮ್ಮೆ ಒರಟು. ಕೆಲವೆಡೆ ತೆವಳಬೇಕು, ಕೆಲವೆಡೆ ಹತ್ತಬೇಕು, ಇನ್ನು ಕೆಲವೆಡೆ ಜಾರಬೇಕು. ಇದನ್ನು ರೂಪಿಸಿದವರು ಕಾರ್ಲ್ ಡೇ ಮತ್ತು ಸಾಹಿತ್ಯದ ಪ್ರಾಧ್ಯಾಪಕರಾಗಿದ್ದ ಆಗಸ್ಟ್ ಕೊಪೊಲಾ. ‘ಗಾಡ್‌ಫಾದರ್’ ಚಿತ್ರದ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಅವರಿಗೆ ಆಗಸ್ಟ್ ಸ್ವಂತ ಅಣ್ಣ. ತಮ್ಮ ಜಗತ್ತಿನ ಕಣ್ಣಿಗೆ ಉಣಬಡಿಸಿದರೆ, ಅಣ್ಣ ಕೈಬೆರಳುಗಳಿಗೆ ಬಡಿಸಿದರು. 2013ರಲ್ಲಿ ಸಂಗ್ರಹಾಲಯ ಬಂದರಿನ ಹೊಸ ಕಟ್ಟಡಕ್ಕೆ ಸ್ಥಳಾಂತರವಾದಾಗ, ಗುಮ್ಮಟವನ್ನು ಅಲ್ಲಿಯೂ ಹೊಸದಾಗಿ ಕಟ್ಟಿಕೊಂಡರು. ನಾಲ್ಕು ದಶಕ ಕಳೆದ ಮೇಲೂ ಜನ ಕತ್ತಲಿಗೆ ದುಡ್ಡು ಕೊಟ್ಟು ಬರುತ್ತಿದ್ದರು.

ಸಂಗ್ರಹಾಲಯವನ್ನು 1969ರಲ್ಲಿ ಕಟ್ಟಿದ ಫ್ರಾಂಕ್ ಓಪನ್‌ಹೈಮರ್ ಅವರಿಗೂ ಹೆಸರಾಂತ ಸೋದರನಿದ್ದ. ಅಣ್ಣ ರಾಬರ್ಟ್ ಅಣುಬಾಂಬ್ ತಯಾರಾದ ಲಾಸ್ ಅಲಮೋಸ್ ಪ್ರಯೋಗಾಲಯದ ಮುಖ್ಯಸ್ಥ. ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ನಡೆದಿದ್ದ ಕಾಲದಲ್ಲಿ ಫ್ರಾಂಕ್‌ಗೆ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿತು. ಅವರು ಕೊಲೊರಾಡೊದಲ್ಲಿ ದನ ಸಾಕಿದರು, ಅಲ್ಲಿನ ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದರು. ಹಳೆಯ ಯಂತ್ರಗಳ ಬಿಡಿಭಾಗ ಮುಂದಿಟ್ಟರೆ ಮಕ್ಕಳ ಕೈ ಎಷ್ಟು ಬೇಗ ಕಲಿಯುತ್ತದೆ ಎಂಬುದನ್ನು ಅಲ್ಲಿ ಕಂಡವರು ಮುಂದೆ ‘ಮುಟ್ಟಬೇಡಿ’ ಎಂಬ ಫಲಕವಿಲ್ಲದ ಸಂಗ್ರಹಾಲಯ ಕಟ್ಟಿದರು.

ಈ ಹಿನ್ನೆಲೆ ಹೇಳುವುದಕ್ಕೆ ಕಾರಣವಿದೆ. ನಮ್ಮ ದೊಡ್ಡ ಊರುಗಳ ಮಾಲ್‌ಗಳಲ್ಲಿ, ಗೇಮ್ ಝೋನ್‌ಗಳಲ್ಲಿ ‘ಇಂದ್ರಿಯಾನುಭವ’ದ ಹೆಸರಿನಲ್ಲಿ ಈಗ ಬಗೆಬಗೆಯ ಚಕ್ರವ್ಯೂಹಗಳು ತೆರೆದುಕೊಳ್ಳುತ್ತಿವೆ. ಬಹಳಷ್ಟು ಕಡೆ ಸಿಗುವುದು ಬಣ್ಣದ ಎಲ್‌ಇಡಿ, ಕನ್ನಡಿ, ಜೋರು ಸಂಗೀತ, ನಾಲ್ಕು ಹೆಜ್ಜೆಗೊಂದು ಸೆಲ್ಫಿ ಜಾಗ. ಕನ್ನಡಿಯ ವ್ಯೂಹ ಕೆಟ್ಟದ್ದೇನಲ್ಲ. ಪ್ರಾಗ್‌ನ ಪೆಟ್ರಿನ್ ಗುಡ್ಡದ ಮೇಲಿನ, ಸ್ವಿಟ್ಜರ್ಲೆಂಡಿನ ಲೂಸರ್ನ್‌ನ, ಹತ್ತೊಂಬತ್ತನೆಯ ಶತಮಾನದ ಕೊನೆಯ ಕನ್ನಡಿ ವ್ಯೂಹಗಳಲ್ಲಿ ಮಕ್ಕಳು ಇವತ್ತಿಗೂ ಕಿಲಕಿಲ ನಗುತ್ತಾರೆ. ಆದರೆ ಅದು ಕಣ್ಣಿನ ಆಟ. ದಿನವಿಡೀ ಪರದೆ ನೋಡಿ ದಣಿದ ಕಣ್ಣಿಗೆ ಭಾನುವಾರವೂ ಅದೇ ಕೆಲಸ ಕೊಟ್ಟು ಐದೂ ಇಂದ್ರಿಯಗಳ ಅನುಭವ ಎಂದು ಟಿಕೆಟ್ ಮಾರುವುದು ಸರಿಯಲ್ಲ. ಒಂದು ಕುಟುಂಬ ಇಂಥ ಕಡೆ ದುಡ್ಡು ಖರ್ಚು ಮಾಡುವುದಾದರೆ, ಕಣ್ಣಿಗೆ ರಜೆ ಕೊಡುವ ಜಾಗಕ್ಕೇ ಮಾಡಬೇಕು.

ಕಣ್ಣು ಸುಮ್ಮನಾದಾಗ ಎಚ್ಚೆತ್ತುಕೊಳ್ಳುವುದು ಚಿಕ್ಕ ಸಂಗತಿಯಲ್ಲ. ಮಾಂಟ್ರಿಯಲ್‌ನ ನರಶಸ್ತ್ರಚಿಕಿತ್ಸಕ ವೈಲ್ಡರ್ ಪೆನ್‌ಫೀಲ್ಡ್, ಎಚ್ಚರವಿದ್ದ ರೋಗಿಗಳ ಮಿದುಳನ್ನು ವಿದ್ಯುತ್ತಿನಿಂದ ಮೆಲ್ಲಗೆ ಪ್ರಚೋದಿಸುತ್ತಾ ದೇಹದ ಯಾವ ಭಾಗದ ಸ್ಪರ್ಶ ಮಿದುಳಿನ ಎಲ್ಲಿ ದಾಖಲಾಗುತ್ತದೆ ಎಂಬ ನಕ್ಷೆ ಬರೆದರು. ಅದರಲ್ಲಿ ಇಡೀ ಬೆನ್ನಿಗೆ ಸಿಕ್ಕಿರುವುದು ಸಣ್ಣ ಜಾಗ. ಬೆರಳು ಮತ್ತು ತುಟಿಗಳದ್ದು ದೊಡ್ಡ ಜಹಗೀರು. ಒತ್ತಡವನ್ನು ಗ್ರಹಿಸುವ ಪೀಜೋ ಎಂಬ ಪ್ರೊಟೀನುಗಳನ್ನು ಆರ್ಡೆಮ್ ಪಟಪೂಟಿಯನ್ ತಂಡ ಕಂಡುಹಿಡಿದದ್ದು 2010ರಲ್ಲಷ್ಟೇ. ಬಿಸಿ, ತಂಪು ಮತ್ತು ಸ್ಪರ್ಶದ ಗ್ರಾಹಕಗಳನ್ನು ಪತ್ತೆ ಮಾಡಿದ್ದಕ್ಕೆ ಅವರಿಗೂ ಡೇವಿಡ್ ಜೂಲಿಯಸ್ ಅವರಿಗೂ 2021ರ ನೊಬೆಲ್ ಬಂತು. ಕಣ್ಣು ಮುಚ್ಚಿದರೂ ನಮ್ಮ ಕೈ ಎಲ್ಲಿದೆ, ಮಂಡಿ ಎಷ್ಟು ಮಡಚಿದೆ ಎಂದು ನಮಗೆ ತಿಳಿಯುವುದರ ಹಿಂದೆಯೂ ಇಂಥದೇ ಒಂದು ಪ್ರೊಟೀನಿದೆ. ಪಠ್ಯಪುಸ್ತಕ ಇಂದ್ರಿಯಗಳನ್ನು ಐದಕ್ಕೆ ಎಣಿಸಿ ಮುಗಿಸುತ್ತದೆ. ಆರನೆಯದು ತನ್ನೊಳಗೇ ಇರುವುದು ಮಗುವಿಗೆ ಗೊತ್ತಾಗುವುದು ಕತ್ತಲಲ್ಲಿ ಮೆಟ್ಟಿಲು ಹತ್ತುವಾಗ.

ಆದರೂ ಕತ್ತಲಷ್ಟೇ ಇದ್ದರೆ ಅದು ಹೆಚ್ಚೆಂದರೆ ಒಂದು ಸಾಹಸ. ಅದಕ್ಕೆ ಅರ್ಥ ತಂದುಕೊಟ್ಟವರು ಜರ್ಮನಿಯ ಆಂಡ್ರಿಯಾಸ್ ಹೈನೆಕೆ. ಅವರು ರೇಡಿಯೊ ಕೇಂದ್ರವೊಂದರಲ್ಲಿ ಕೆಲಸದಲ್ಲಿದ್ದಾಗ, ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಯುವಕನೊಬ್ಬನಿಗೆ ಕೆಲಸ ಕಲಿಸುವ ಹೊಣೆ ಅವರ ಪಾಲಿಗೆ ಬಂತು. ಕಣ್ಣಿಲ್ಲದ ಬದುಕು ಎಂದರೆ ಬರೀ ದುಃಖ ಎಂದುಕೊಂಡಿದ್ದ ತನ್ನ ಎಣಿಕೆ ಎಷ್ಟು ತಪ್ಪು ಎಂದು ಆ ಗೆಳೆತನ ಅವರಿಗೆ ತೋರಿಸಿತು. 1988ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ‘ಡೈಲಾಗ್ ಇನ್ ದಿ ಡಾರ್ಕ್’ ಮೊದಲ ಬಾರಿಗೆ ನಡೆಯಿತು. 2000ದಲ್ಲಿ ಹ್ಯಾಂಬರ್ಗ್‌ನ ಹಳೆಯ ಗೋದಾಮುಗಳ ಬೀದಿಯಲ್ಲಿ ಕಾಯಂ ನೆಲೆ ಸಿಕ್ಕಿತು. ಟೋಕಿಯೊ, ಇಸ್ರೇಲಿನ ಹೋಲೊನ್ ಸೇರಿದಂತೆ ಹತ್ತಾರು ದೇಶಗಳ ಊರುಗಳಿಗೆ ಹಬ್ಬಿದ ಈ ಪ್ರದರ್ಶನ 2011ರಲ್ಲಿ ಹೈದರಾಬಾದಿನ ಇನಾರ್ಬಿಟ್ ಮಾಲ್‌ಗೂ ಬಂತು.

ಒಳಗೆ ನಡೆಯುವುದು ಇಷ್ಟು. ಏಳೆಂಟು ಜನರ ಗುಂಪು. ಪ್ರತಿಯೊಬ್ಬರ ಕೈಗೂ ಒಂದು ಬಿಳಿ ಕೋಲು. ಬೆಳಕು ಮೆಲ್ಲಗೆ ಕಡಿಮೆಯಾಗಿ, ಮುಖದ ಮುಂದೆ ಕೈಯಾಡಿಸಿದರೂ ಕಾಣದ ಹಂತಕ್ಕೆ ಬರುತ್ತದೆ. ಆಗ ಎದುರಿನಿಂದ ಒಂದು ದನಿ ಹೆಸರು ಕೇಳುತ್ತದೆ, ಹೆಜ್ಜೆ ಹೇಳಿಕೊಡುತ್ತದೆ. ಕಾಲ ಕೆಳಗೆ ಜಲ್ಲಿಕಲ್ಲು, ಆಮೇಲೆ ಮರದ ಸೇತುವೆ. ಉದ್ಯಾನದ ನೀರಿನ ಸದ್ದು, ವಾಹನ ಹರಿಯುವ ರಸ್ತೆ, ತರಕಾರಿಯನ್ನು ಮುಟ್ಟಿ ಮೂಸಿ ಗುರುತಿಸಬೇಕಾದ ಸಂತೆ, ಕೆಲವೆಡೆ ದೋಣಿ. ಕೊನೆಗೊಂದು ಕೆಫೆ. ಅಲ್ಲೂ ಕತ್ತಲೇ. ಲೋಟಕ್ಕೆ ಹಣ್ಣಿನ ರಸ ಚೆಲ್ಲದಂತೆ ಸುರಿದುಕೊಡುವುದು, ನೋಟು ಎಣಿಸಿ ಚಿಲ್ಲರೆ ಕೊಡುವುದು ಆ ದನಿಯ ಒಡೆಯರೇ. ಅವರು ಅಂಧರು. ಒಂದು ಗಂಟೆಯ ಕಾಲ ಎಂಜಿನಿಯರು, ಮೇಷ್ಟ್ರು, ಬ್ಯಾಂಕ್ ಮ್ಯಾನೇಜರು ಎಲ್ಲರೂ ಅವರ ಮಾತು ನಂಬಿ ಕಾಲಿಡುತ್ತಾರೆ.

ಕುಟುಂಬದೊಳಗಿನ ಲೆಕ್ಕವೂ ಇಲ್ಲಿ ಬದಲಾಗುತ್ತದೆ. ಮನೆಯಲ್ಲಿ ಎಲ್ಲದಕ್ಕೂ ದಾರಿ ತೋರಿಸುವ ಅಪ್ಪ ಗೋಡೆ ತಡವುತ್ತಾ ನಿಂತುಬಿಡಬಹುದು. ಕೊತ್ತಂಬರಿ ಯಾವುದು, ಪುದೀನ ಯಾವುದು ಎಂದು ಅಜ್ಜಿ ತಟ್ಟನೆ ಹೇಳಬಹುದು. ಮಾತೇ ಆಡದ ಹದಿನಾಲ್ಕರ ಹುಡುಗ ‘ಇಲ್ಲಿ ಮೆಟ್ಟಿಲಿದೆ, ನಿಧಾನ ಅಜ್ಜಿ’ ಎನ್ನಬೇಕಾಗುತ್ತದೆ. ಇಲ್ಲವಾದರೆ ಯಾರೂ ಮುಂದೆ ಹೋಗುವಂತಿಲ್ಲ. ಊಟದ ಮೇಜಿನಲ್ಲೂ ಮೊಬೈಲು ಬಿಡದ ಮನೆಗಳಲ್ಲಿ, ಒಬ್ಬರ ದನಿಯನ್ನು ಇನ್ನೊಬ್ಬರು ಇಷ್ಟು ಗಮನವಿಟ್ಟು ಕೇಳುವ ಸಂದರ್ಭ ಎಷ್ಟು ಸಲ ಒದಗುತ್ತದೆ? ಫೋಟೊ ಒಂದೂ ಸಿಗುವುದಿಲ್ಲ. ಅದೂ ಒಳ್ಳೆಯದೇ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ, ಅದನ್ನು ಬದಿಗೆ ತಳ್ಳಬಾರದು. ಅಮೆರಿಕದ ಮನೋವಿಜ್ಞಾನಿ ಏರಿಯಲ್ ಸಿಲ್ವರ್‌ಮನ್ ಸ್ವತಃ ಅಂಧರು. 2015ರಲ್ಲಿ ಸಂಗಡಿಗರೊಂದಿಗೆ ಪ್ರಕಟಿಸಿದ ಅಧ್ಯಯನದಲ್ಲಿ ಅವರು ಕಂಡದ್ದು ಕಸಿವಿಸಿ ಹುಟ್ಟಿಸುವಂಥದ್ದು. ಸ್ವಲ್ಪ ಹೊತ್ತು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಓಡಾಡಿದವರು, ಅಂಧರು ಕೆಲಸ ಮಾಡಿಕೊಂಡು ಸ್ವತಂತ್ರವಾಗಿ ಬದುಕುವ ಶಕ್ತಿಯನ್ನು ಹಾಗೆ ಮಾಡದವರಿಗಿಂತ ಕಡಿಮೆ ಅಂದಾಜು ಮಾಡಿದರು. ಅದರಲ್ಲಿ ಆಶ್ಚರ್ಯವಿಲ್ಲ. ಕಣ್ಣು ಕಟ್ಟಿದ ಮೊದಲ ಹತ್ತು ನಿಮಿಷದಲ್ಲಿ ಎಡವುವುದಷ್ಟೇ ಅನುಭವಕ್ಕೆ ಬರುತ್ತದೆ. ವರ್ಷಗಟ್ಟಲೆ ಕಲಿತು ಪಳಗಿದವರ ಬದುಕು ಅದರಿಂದ ತಿಳಿಯುವುದಿಲ್ಲ. ಶಾಲಾ ವಾರ್ಷಿಕೋತ್ಸವದಲ್ಲಿ ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ‘ಅಯ್ಯೋ ಪಾಪ’ ಅನ್ನಿಸುವ ಚಟುವಟಿಕೆಗಳು ಮಾಡುವ ಹಾನಿ ಇದೇ.

ಹೀಗಾಗಿ ಕತ್ತಲ ವ್ಯೂಹವೊಂದು ಒಳ್ಳೆಯದೋ ಅಲ್ಲವೋ ಎಂಬುದನ್ನು ತೀರ್ಮಾನಿಸುವುದು ಒಳಗೆ ದಾರಿ ತೋರಿಸುವವರು ಯಾರು ಎಂಬ ಸಂಗತಿ. ಅಂಧ ಮಾರ್ಗದರ್ಶಿ ಇದ್ದಲ್ಲಿ ಎಡವುವವರು ನಾವು, ಸಲೀಸಾಗಿ ನಡೆಯುವವರು ಅವರು. ಮಗು ಹೊರಬರುವಾಗ ಅವರ ಜಾಣ್ಮೆಯನ್ನು ಕಂಡು ಬಂದಿರುತ್ತದೆ. ಹೈನೆಕೆ ಮತ್ತವರ ಸಂಗಡಿಗರು ಇದೇ ಸೂತ್ರ ಹಿಡಿದು ಕಿವುಡರು ನಡೆಸುವ ‘ಡೈಲಾಗ್ ಇನ್ ಸೈಲೆನ್ಸ್’, ಎಪ್ಪತ್ತು ದಾಟಿದವರು ನಡೆಸುವ ‘ಡೈಲಾಗ್ ವಿತ್ ಟೈಮ್’ ಪ್ರದರ್ಶನಗಳನ್ನೂ ಕಟ್ಟಿದರು.

ಇನ್ನೊಂದು ಪ್ರಶ್ನೆ ಬಾಗಿಲಿನದು. ಇದು ಜೀವದ ವಿಷಯ. ಅಮೆರಿಕದ ನ್ಯೂಜೆರ್ಸಿಯ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್ ಪಾರ್ಕಿನಲ್ಲಿ ‘ಹಾಂಟೆಡ್ ಕ್ಯಾಸಲ್’ ಎಂಬ ಕತ್ತಲ ವ್ಯೂಹವಿತ್ತು. ಲಾರಿ ಟ್ರೇಲರುಗಳನ್ನು ಒಂದಕ್ಕೊಂದು ಜೋಡಿಸಿ ಮಾಡಿದ್ದು. 1984ರ ಮೇ 11ರಂದು ಗೋಡೆಯ ಫೋಮಿಗೆ ತಗುಲಿದ ಬೆಂಕಿಯಲ್ಲಿ ಎಂಟು ಮಂದಿ ಹದಿಹರೆಯದವರು ಸತ್ತರು. ಸ್ಪ್ರಿಂಕ್ಲರ್ ಇರಲಿಲ್ಲ. ಆ ಸಾವುಗಳ ನಂತರ ಇಂಥ ಕಟ್ಟಡಗಳಿಗೆ ಅಲ್ಲಿನ ಅಗ್ನಿಸುರಕ್ಷತಾ ನಿಯಮ ಬಿಗಿಯಾಯಿತು. ನಮಗೆ ಅಷ್ಟು ದೂರ ಹೋಗಬೇಕಿಲ್ಲ. 2024ರ ಮೇ 25ರಂದು ರಾಜ್‌ಕೋಟ್‌ನ ಟಿಆರ್‌ಪಿ ಗೇಮ್ ಝೋನ್‌ನಲ್ಲಿ ಬೆಂಕಿ ಬಿದ್ದಾಗ ಬೇಸಿಗೆ ರಜೆಯ ವಾರಾಂತ್ಯ. ರಿಯಾಯಿತಿ ಟಿಕೆಟ್ ಕೊಂಡು ಕುಟುಂಬಗಳು ತುಂಬಿದ್ದವು. ಮಕ್ಕಳೂ ಸೇರಿ 25ಕ್ಕೂ ಹೆಚ್ಚು ಜನ ಬೆಂದುಹೋದರು. ಆ ಜಾಗಕ್ಕೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವೇ ಇರಲಿಲ್ಲ.

ಟಿಕೆಟ್ ಕೌಂಟರಿನಲ್ಲಿ ನಿಂತ ತಂದೆ ತಾಯಿ ಆ ಪತ್ರ ಕೇಳಬೇಕು. ತುರ್ತು ಬಾಗಿಲು ಎಷ್ಟು, ಅವಕ್ಕೆ ಬೀಗ ಹಾಕಿಲ್ಲವೇ, ಒಳಗೊಬ್ಬರು ಹೆದರಿ ಕೂಗಿದರೆ ಸಿಬ್ಬಂದಿ ಹೇಗೆ ಬರುತ್ತಾರೆ, ದೀಪ ಎಷ್ಟು ಬೇಗ ಹತ್ತುತ್ತದೆ? ಕೇಳುವುದಕ್ಕೆ ಸಂಕೋಚ ಬೇಡ. ಉತ್ತರ ಹೇಳಲು ಹಿಂಜರಿಯುವ ಕಡೆಯಿಂದ ವಾಪಸ್ ಬರುವುದೇ ಸರಿ, ಮಕ್ಕಳು ಅತ್ತರೂ.

ಎಲ್ಲ ಮಕ್ಕಳಿಗೂ ಕತ್ತಲ ವ್ಯೂಹ ಹಿಡಿಸಬೇಕೆಂದಿಲ್ಲ. ತೀರ ಚಿಕ್ಕವರಿಗೆ ಬೇಡ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಮಾಲ್‌ನ ಅಬ್ಬರವೇ ಸಹಿಸಲಾಗದ ಹಿಂಸೆ. ಅವರಿಗೆ ಬೇಕಾದದ್ದು 1970ರ ದಶಕದಲ್ಲಿ ನೆದರ್ಲೆಂಡ್ಸ್‌ನ ಆರೈಕೆ ಕೇಂದ್ರಗಳಲ್ಲಿ ರೂಪುಗೊಂಡ ಸ್ನೂಜ಼ಲನ್ ಮಾದರಿಯ ಕೋಣೆ: ಮಂದ ಬೆಳಕು, ಮೆತ್ತನೆ ಹಾಸು, ಎಷ್ಟು ಸಾಕು ಎಂದು ಮಗುವೇ ನಿರ್ಧರಿಸುವ ಸ್ವಾತಂತ್ರ್ಯ.

ಕರ್ನಾಟಕಕ್ಕೆ ಅಂಧರೇ ದಾರಿ ತೋರಿಸುವ ಇಂಥದೊಂದು ಕತ್ತಲ ವ್ಯೂಹ ಬೇಕು, ಅದು ಸರ್ಕಾರಿ ಹಣದಲ್ಲೇ ಆಗಬೇಕು. ಕಿವಿಗಾಗಿಯೇ ಜನ ಹುಡುಕಿಕೊಂಡು ಹೋಗುವ ಕಟ್ಟಡ ನಮ್ಮಲ್ಲಿ 1656ರಿಂದಲೇ ಇದೆ. ವಿಜಯಪುರದ ಗೋಲಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಮೆಲ್ಲಗೆ ಆಡಿದ ಮಾತು ಎದುರು ಬದಿಯಲ್ಲಿ ನಿಚ್ಚಳವಾಗಿ ಕೇಳುತ್ತದೆ. ಆದರೆ ಅಲ್ಲಿ ಶಿಳ್ಳೆ ಕೂಗಾಟಗಳ ನಡುವೆ ಆ ಪಿಸುಮಾತು ಯಾರ ಕಿವಿಗೂ ಬೀಳುವುದಿಲ್ಲ. ಹತ್ತು ಹತ್ತು ಜನರನ್ನು ಸದ್ದಿಲ್ಲದೆ ಒಳಬಿಡುವ ಬೆಳಗಿನ ಒಂದು ಗಂಟೆಯನ್ನಾದರೂ ಪುರಾತತ್ವ ಇಲಾಖೆ ಮೀಸಲಿಟ್ಟರೆ, ಖರ್ಚಿಲ್ಲದೆ ಒಂದು ಶ್ರವಣಶಾಲೆ ಸಿಕ್ಕಂತಾಗುತ್ತದೆ.

ದಾರಿ ತೋರಿಸಬಲ್ಲವರಿಗೂ ಈ ನಾಡಿನಲ್ಲಿ ಬರವಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳನ್ನು ತಲೆಮಾರುಗಟ್ಟಲೆ ಸಂಗೀತಗಾರರನ್ನಾಗಿ ಮಾಡಿದರು. ಗುರುಗಳಿಬ್ಬರೂ ಅಂಧರೇ. 2012ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಮೊದಲ ಟಿ-20 ವಿಶ್ವಕಪ್ ಫೈನಲ್‌ನಲ್ಲಿ ಭಾರತ ಪಾಕಿಸ್ತಾನವನ್ನು ಮಣಿಸಿತು. ನಾಯಕ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯಕ್, ಮುಂದೆ 2017ರಲ್ಲಿ ಪದ್ಮಶ್ರೀ ಪಡೆದವರು. ಒಳಗೆ ಗುಂಡುಗಳಿರುವ ಚೆಂಡು ನೆಲಕ್ಕೆ ಬಡಿದು ಗಲಗಲ ಸದ್ದು ಮಾಡುತ್ತಾ ಬರುವುದನ್ನು ಕೇಳಿ ಬ್ಯಾಟ್ ಬೀಸುವ ಆಟ ಅದು. ಆ ಚೆಂಡನ್ನು ಕತ್ತಲ ಕೋಣೆಯೊಂದರಲ್ಲಿ ಮಗುವಿನತ್ತ ಉರುಳಿಸಿ ‘ಹಿಡಿ’ ಎನ್ನುವ ಆಟಗಾರರಿಗಿಂತ ಒಳ್ಳೆಯ ಮೇಷ್ಟ್ರು ಎಲ್ಲಿ ಸಿಗುತ್ತಾರೆ?

2011ರ ಜನಗಣತಿಯಂತೆ ದೇಶದಲ್ಲಿ ದೃಷ್ಟಿದೋಷವಿರುವವರು ಸುಮಾರು 50 ಲಕ್ಷ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಅವರಿಗೆ ಶೇ 1ರಷ್ಟು ಮೀಸಲು ಕೊಟ್ಟಿದೆ. ಅಂಧತ್ವವೇ ಅರ್ಹತೆಯಾಗುವ ಕೆಲಸ ಮಾತ್ರ ಅಪರೂಪ. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯ, ಮಂಗಳೂರಿನ ಪಿಲಿಕುಳ, ಧಾರವಾಡ, ಕಲಬುರಗಿಯ ವಿಜ್ಞಾನ ಕೇಂದ್ರಗಳಲ್ಲಿ ಜಾಗವೂ ಇದೆ, ಜನರೂ ಬರುತ್ತಾರೆ. ಮೆಜೆಸ್ಟಿಕ್ ಬಸ್ ನಿಲ್ದಾಣದ ಗದ್ದಲ, ಕೆ.ಆರ್. ಮಾರುಕಟ್ಟೆಯ ಹೂವಿನ ಸಾಲು, ಚಿಕ್ಕಮಗಳೂರಿನ ಹುರಿದ ಕಾಫಿಬೀಜ, ರೇಷ್ಮೆಗೂಡು, ಕಾವೇರಿಯ ತೆಪ್ಪ. ಒಂದು ವ್ಯೂಹಕ್ಕೆ ಬೇಕಾದ ಸರಕೆಲ್ಲ ನಮ್ಮಲ್ಲೇ ಇದೆ. ಮಾರ್ಗದರ್ಶಿಗಳು ಅಂಧರೇ ಇರಲಿ, ಅವರ ಹುದ್ದೆ ದಿನಗೂಲಿಯದಾಗದೆ ಕಾಯಂ ಆಗಿರಲಿ, ಸರ್ಕಾರಿ ಶಾಲೆಯ ಮಕ್ಕಳಿಗೆ ಪ್ರವೇಶ ಉಚಿತವಿರಲಿ. ಡಿಸೆಂಬರ್ ಬಂತೆಂದರೆ ಶಾಲಾ ಪ್ರವಾಸದ ಬಸ್ಸುಗಳು ಹೇಗೂ ಈ ಊರುಗಳಿಗೆ ಬಂದೇ ಬರುತ್ತವೆ.